ಡ್ಯಾಮೇಜಕ್ಕನ ಆರನೇ ಫೋಟೋ

ಗ್ಯಾರೇಜುಗಳ ಸಾಲಿನಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವುದರೊಳಗೆ "ಡ್ಯಾಮೇಜಕ್ಕ ಬಂದ್ರು, ದಾರಿ ಬಿಡ್ರೋ" ಅಂತ ಕೂಗು ಏಳುತ್ತಿತ್ತು. ಕೆಲಸವೇ ಹಾಗಿತ್ತು ನೋಡಿ. ಗುದ್ದಿದ ಕಾರು, ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು, ಎಲ್ಲಿ ಏನು ಹಾಳಾದರೂ ವಿಮೆ ಕಚೇರಿಯ ಪರವಾಗಿ ಹೋಗಿ ಫೋಟೋ ತೆಗೆದುಕೊಂಡು ಬರಬೇಕು. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು.

ಅದಕ್ಕೊಂದು ಕ್ರಮವಿತ್ತು. ಮೊದಲು ಇಡೀ ವಸ್ತು, ಆಮೇಲೆ ನಾಲ್ಕು ಮೂಲೆ, ಕೊನೆಗೆ ಪೆಟ್ಟು ಬಿದ್ದ ಜಾಗ, ಅದರ ಪಕ್ಕದಲ್ಲೊಂದು ಆರಿಂಚಿನ ಸ್ಟೀಲ್ ಸ್ಕೇಲು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಫೋಟೋದಲ್ಲಿ ನರಪಿಳ್ಳೆಯೂ ಕಾಣಕೂಡದು. ಯಾರದೋ ಮೊಣಕೈ ಇಣುಕಿದರೂ ಫೈಲು ವಾಪಸ್ಸು. ಹಾಗಾಗಿ "ಸರೀರಿ, ಸರೀರಿ" ಅನ್ನುವುದು ಅವಳಿಗೆ ಬಾಯಿಪಾಠ. ಮಗಳ ಹುಟ್ಟಿದಹಬ್ಬಕ್ಕೆ ಕೇಕಿನ ಫೋಟೋ ತೆಗೆಯುವಾಗ ಮಗಳನ್ನೇ ಪಕ್ಕಕ್ಕೆ ಸರಿಸಿದ ಪುಣ್ಯಾತ್ಗಿತ್ತಿ ಅವಳು!

ಇಂಥವಳಿಗೆ ವಿಶ್ವವಿದ್ಯಾಲಯದಲ್ಲಿ ಫೋಟೋಗ್ರಫಿ ಓದುವ ಹುಚ್ಚು ಹತ್ತಿತು. ಹುಚ್ಚು ಅಂದೆ, ಆದರೆ ಅದಕ್ಕೊಂದು ಕಾರಣವಿತ್ತು. ಹದಿನಾರು ವರ್ಷದಲ್ಲಿ ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದನ್ನೂ ಯಾರೂ ಎರಡನೇ ಸಲ ನೋಡಿರಲಿಲ್ಲ. ಫೈಲು ಮುಚ್ಚಿದರೆ ಮುಗಿಯಿತು. ಯಾರಾದರೂ ನಿಂತು ನೋಡುವಂಥದ್ದನ್ನು ಒಂದಾದರೂ ತೆಗೆಯಬೇಕು ಅಂತ ಅವಳ ಆಸೆ. ಕೆಲಸದಲ್ಲಿರುವವರಿಗೆಂದು ಸಂಜೆ ಕೋರ್ಸು ಇತ್ತು. ನಲವತ್ತು ದಾಟಿದವರಿಗೆ ಪ್ರವೇಶವಿಲ್ಲ. ಅವಳಿಗೆ ಮೂವತ್ತೊಂಬತ್ತೂವರೆ. ಈ ಸಲ ತಪ್ಪಿದರೆ ಇನ್ನು ಇಲ್ಲ.

"ಮುರಿದ ಬಾಗಿಲು ನೋಡ್ಕೊಂಡು ಬರೋಳಿಗೆ ಯೂನಿವರ್ಸಿಟಿ ಬೇರೆ ಕೇಡು" ಅಂದರು ಅತ್ತೆ. ಅತ್ತೆಯ ನಾಲಿಗೆಗೆ ಮೂಳೆ ಇರಲಿಲ್ಲ. ಹಾಗಂದವರೇ ಮಾರನೇ ದಿನ ಅರ್ಜಿಗೆ ಅವಳ ಫೋಟೋ ಅಂಟಿಸಲು ಗೋಂದು ಹುಡುಕಿಕೊಟ್ಟರು.

ಅರ್ಜಿಯ ಜೊತೆ ಆರು ಫೋಟೋ ಕೊಡಬೇಕಿತ್ತು. ವಿಷಯ, 'ನನಗೆ ಹತ್ತಿರದವರು'. ಓದಿದ್ದೇ ಅವಳು ಅರ್ಜಿಯನ್ನು ಮಡಚಿಟ್ಟಳು. ಮನುಷ್ಯರನ್ನು ಓಡಿಸಿ ಗೊತ್ತೇ ಹೊರತು ನಿಲ್ಲಿಸಿ ಗೊತ್ತಿಲ್ಲವಲ್ಲ! ಗಂಡನನ್ನು ನಿಲ್ಲಿಸಿ ನೋಡಿದಳು. ಲಿಫ್ಟ್ ಮೆಕ್ಯಾನಿಕ್ ಅವನು, ದಿನವಿಡೀ ಮಾತಿನ ಮಲ್ಲ. ಕ್ಯಾಮೆರಾ ಎತ್ತಿದ ಕೂಡಲೇ ಉಸಿರು ಕಟ್ಟಿ ಲೈಟುಕಂಬದ ಹಾಗೆ ನಿಂತ.

"ಸ್ವಲ್ಪ ನಗ್ರೀ."

"ನಗ್ತಾನೇ ಇದೀನಲ್ಲೇ!"

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ, ಗೊತ್ತಿರುವ ವಿದ್ಯೆಯನ್ನೇ ನೆಚ್ಚಿಕೊಳ್ಳೋಣ ಅಂತ ತೀರ್ಮಾನಿಸಿದಳು. ಅವಳಿಗೆ ಗೊತ್ತಿದ್ದದ್ದು ಡ್ಯಾಮೇಜು. ಗಂಡ ಫೋನಿನಲ್ಲಿ ಹರಟುವಾಗ ತಲೆ ಆನಿಸಿ ಆನಿಸಿ ಗೋಡೆಗೆ ಹತ್ತಿದ ಎಣ್ಣೆಕಲೆ. ಮಾವ ಮಂಡಿನೋವಿಗೆ ಊರಿಕೊಂಡು ಏಳುವ, ಎಡಗೈ ಮಾತ್ರ ಸವೆದ ಕುರ್ಚಿ. ಮಗಳು ಲೆಕ್ಕ ಬಾರದಾಗಲೆಲ್ಲ ಕಚ್ಚಿದ ಮೇಜಿನ ಅಂಚು. ಪಕ್ಕದ ಮನೆಯಾಕೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಾ ಮೊಣಕೈ ಊರಿ ನುಣುಪು ಮಾಡಿದ ಕಾಂಪೌಂಡ್ ಗೋಡೆ. ಗ್ಯಾರೇಜಿನ ಮೇಸ್ತ್ರಿಯ ಹಿಡಿ ಅಚ್ಚೊತ್ತಿದ ಸುತ್ತಿಗೆ. ಐದೂ ಸ್ಕೇಲಿಟ್ಟು ತೆಗೆದದ್ದು, ಐದರಲ್ಲೂ ಮನುಷ್ಯರಿಲ್ಲ. ಆದರೆ ನೋಡಿದರೆ ಇದು ಇಂಥವರದೇ ಅಂತ ಗೊತ್ತಾಗುತ್ತಿತ್ತು. ಅವಳಿಗೇ ಖುಷಿಯಾಗಿ ಒಬ್ಬಳೇ ನಕ್ಕಳು.

ಆರನೆಯದು ಅತ್ತೆಯದು. ಶನಿವಾರ ಸಂಜೆ ಐದಕ್ಕೆ ಫೋಟೋ ಕಳಿಸಲು ಗಡುವು. ಮಧ್ಯಾಹ್ನ ಎರಡಕ್ಕೆ ಹುಡುಕಲು ನಿಂತಳು. ಅತ್ತೆಯದು ತಾನೇ, ಮನೆಯ ಯಜಮಾನಿಯದು, ಬೇಕಾದಷ್ಟು ಸಿಗುತ್ತದೆ ಅಂದುಕೊಂಡಿದ್ದಳು.

ಅತ್ತೆಯ ಕುರ್ಚಿ ಯಾವುದು? ಕಿಟಕಿ ಪಕ್ಕದ್ದು ಮಾವನದು, ಟೀವಿ ಎದುರಿನದು ಗಂಡನದು, ಮೂಲೆಯದು ಮಗಳದು. ಅತ್ತೆ ಅಡುಗೆಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದರು. ಲೋಟ? ಯಾರು ಕುಡಿದಿಟ್ಟದ್ದು ಕೈಗೆ ಸಿಕ್ಕಿತೋ ಅದು. ಚಪ್ಪಲಿ? ಸೊಸೆ ಬಿಟ್ಟದ್ದು. ಸೌಟು, ಚಾಕು ಸವೆದಿದ್ದವು, ನಿಜ. ಆದರೆ ಅದರಲ್ಲಿ ಬೆಂದದ್ದನ್ನು ಉಂಡವರು ಮನೆಮಂದಿಯೆಲ್ಲ. ಅವನ್ನು ಅತ್ತೆಯವು ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಗಂಟೆ ನಾಲ್ಕಾಯಿತು.

"ಅತ್ತೆ, ಈ ಮನೇಲಿ ನಿಮ್ಮದು ಅಂತ ಏನಿದೆ?"

"ನೀನು ತೊಳೀದೆ ಬಿಟ್ಟ ಪಾತ್ರೆಗಳೆಲ್ಲ ನಂದೇ ಕಣೇ" ಅಂದರು ಅತ್ತೆ, ಸಿಂಕಿನಿಂದ ತಲೆಯೆತ್ತದೆ.

ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಒಂದು ಜಗಳ ಎದ್ದಿರುತ್ತಿತ್ತು. ಅವತ್ತು ಅವಳು ಬಾಗಿಲಲ್ಲೇ ನಿಂತಳು. ಅತ್ತೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ ತಿರುಗಿದರು. ಕ್ಯಾಮೆರಾ ಕಂಡದ್ದೇ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಯಹೋದರು.

"ಸರೀಬೇಡಿ ಅತ್ತೆ. ಅಲ್ಲೇ ನಿಲ್ಲಿ."

"ನಂದೇನೇ ಫೋಟೋ? ತಲೆ ಬಾಚಿಲ್ಲ, ಏನಿಲ್ಲ."

ಅವಳು ಕೇಳಲಿಲ್ಲ. ಕ್ರಮ ಬಿಡಲಿಲ್ಲ. ಮೊದಲು ಇಡೀ ಅತ್ತೆ. ಆಮೇಲೆ ಮುಖ, ಬಲಕ್ಕೆ ಇಳಿದ ಭುಜ, ಊದಿದ ಪಾದ. ಕೊನೆಗೆ ಹತ್ತಿರ ಹೋಗಿ ಕೈ. ತೋರುಬೆರಳಿನ ಗೆಣ್ಣು ವಕ್ರವಾಗಿತ್ತು, ಹೆಬ್ಬೆರಳಿನ ತುಂಬ ಚಾಕುವಿನ ಹಳೇ ಗೀರು, ಅಂಗೈ ನೀರಲ್ಲಿ ನೆನೆದು ಬೆಳ್ಳಗಾಗಿತ್ತು. ಪಕ್ಕದಲ್ಲಿ ಸ್ಕೇಲಿಡಲು ಹೋದಳು. ಆಗಲಿಲ್ಲ. ಹದಿನೈದು ವರ್ಷ ಒಂದೇ ಸೂರಿನಡಿ ಕಿತ್ತಾಡಿಕೊಂಡು ಬಾಳಿದವಳು, ಈ ಕೈಯನ್ನು ಒಂದು ಸಲವೂ ಸರಿಯಾಗಿ ನೋಡಿಲ್ಲವಲ್ಲ ಅಂತ ನಾಚಿಕೆಯಾಯಿತು. ಸ್ಕೇಲಿಲ್ಲದ ಆ ಕೈಯ ಫೋಟೋವನ್ನೇ, ಅದರಲ್ಲೂ ಹಿಂದೆ ಅತ್ತೆಯ ಮುಖ ಮಸುಕಾಗಿ ಕಾಣುವಂಥದ್ದನ್ನು, ಐದಕ್ಕೆ ಏಳು ನಿಮಿಷವಿರುವಾಗ ಕಳಿಸಿದಳು.

ಎರಡು ವಾರಕ್ಕೆ ಸಂದರ್ಶನಕ್ಕೆ ಕರೆ ಬಂತು. ಉದ್ದ ಮೇಜಿನ ಆಚೆ ಮೂವರು. ನಡುವೆ ವಿಭಾಗದ ಮುಖ್ಯಸ್ಥೆ, ನರೆತ ಕ್ರಾಪಿನ ಮೇಡಂ. ಐದು ಫೋಟೋಗಳನ್ನು ಒಂದು ಕಡೆ ಸಾಲಾಗಿಟ್ಟು, ಆರನೆಯದನ್ನು ಕೈಯಲ್ಲೇ ಹಿಡಿದಿದ್ದರು. ನೋಡಿದರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡು ನೋಡಿದರು.

"ಐದರಲ್ಲಿ ಮನುಷ್ಯರೇ ಇಲ್ಲ. ಇದರಲ್ಲಿ ಮಾತ್ರ ಯಾಕೆ?"

"ಮಿಕ್ಕವರೆಲ್ಲ ಏನಾದ್ರೂ ಸವೆಸಿದ್ರು ಮೇಡಂ, ಅದನ್ನ ತೆಗೆದೆ. ಅತ್ತೆಯವರದು ಅಂತ ಮನೇಲಿ ಏನೂ ಸವೆದಿರಲಿಲ್ಲ. ಸವೆದಿದ್ದು ಅವರೇ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಂದೇ ಪ್ರಶ್ನೆ, ಎಲ್ಲರಿಗೂ ಕೇಳೋದು. ಕ್ಲಾಸು ಸಂಜೆ ಆರರಿಂದ ಒಂಬತ್ತು, ವಾರಕ್ಕೆ ಐದು ದಿನ, ಮೂರು ವರ್ಷ. ಮನೆ ನೋಡ್ಕೊಳ್ಳೋರಿಲ್ಲ ಅಂತ ಹೋದ ವರ್ಷ ಏಳು ಜನ ಅರ್ಧಕ್ಕೇ ಬಿಟ್ಟು ಹೋದ್ರು. ನಿಮ್ಮ ಮನೆ ಯಾರು ನೋಡ್ಕೋತಾರೆ?"

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಉತ್ತರವೂ ನಾಲಿಗೆ ತುದಿಯಲ್ಲಿತ್ತು. 'ಅತ್ತೆ ಇದಾರೆ ಮೇಡಂ, ಅವರೇ ನೋಡ್ಕೋತಾರೆ.' ಬಸ್ಸಿನಲ್ಲಿ ಬರುವಾಗ ಎರಡು ಸಲ ಹೇಳಿಕೊಂಡಿದ್ದಳು. ಬಾಯಿ ತೆರೆದಳು. ಮೇಡಂ ಕೈಯಲ್ಲಿ ಆ ಫೋಟೋ ಇನ್ನೂ ಇತ್ತು.

"ಗೊತ್ತಿಲ್ಲ ಮೇಡಂ" ಅಂದುಬಿಟ್ಟಳು.

"ಗೊತ್ತಿಲ್ಲ ಅಂದ್ರೆ?"

"ಮನೇಲಿ ಕೇಳಿ ಹೇಳ್ಬೇಕು."

ಪಕ್ಕದಲ್ಲಿದ್ದವರು ಗಡಿಯಾರ ನೋಡಿಕೊಂಡರು. ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಫೋನು ಬರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತೆ ಅಂದರು ಮೇಡಂ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು.

ಸಂಜೆ ಎಲ್ಲರೂ ಇದ್ದಾಗ ನಡೆದದ್ದನ್ನೆಲ್ಲ ಹೇಳಿದಳು.

"ಅಯ್ಯೋ, ಅಮ್ಮ ಇದಾರಲ್ಲೇ! ಹಾಗಂತ ಹೇಳೋಕೇನಾಗಿತ್ತು?" ಅಂದ ಗಂಡ.

"ಹೌದು ಮತ್ತೆ. ನಾನಿದೀನಲ್ಲ" ಅಂದರು ಅತ್ತೆ.

ಅವಳು ಫೋನು ತೆಗೆದು ಆ ಫೋಟೋವನ್ನು ಗಂಡನ ಮುಂದೆ ಹಿಡಿದಳು. "ದಿನಾ ಐದಕ್ಕೆ ಮನೆಗೆ ಬರೋರು ನೀವು. ನಾನು ಕೇಳ್ತಿರೋದು ನಿಮ್ಮನ್ನ."

ಅವನು ಫೋನು ಇಸಿದುಕೊಂಡು ಫೋಟೋ ನೋಡಿದ. ಬೆರಳಿಂದ ಅದನ್ನು ದೊಡ್ಡದು ಮಾಡಿದ. ಅಮ್ಮನ ಕೈಯತ್ತ ಕಣ್ಣು ಹಾಯಿಸಿದ. ಅತ್ತೆ ಕೈಯನ್ನು ಹಿಂದಕ್ಕೆಳೆದುಕೊಂಡರು.

"ನಂಗೆ ನೀರು ಕಾಯಿಸೋದು ಬಿಟ್ರೆ ಬೇರೇನೂ ಬರಲ್ಲ ಕಣೇ" ಅಂದ ಕೊನೆಗೆ, ಮೆಲ್ಲಗೆ.

"ಲಿಫ್ಟ್ ರಿಪೇರಿ ಹುಟ್ಟುತ್ತಲೇ ಕಲ್ತು ಬಂದಿದ್ರಾ?"

ಮಗಳು ಕಿಸಕ್ಕನೆ ನಕ್ಕಳು. ಮಾವನೂ ಪೇಪರಿನ ಹಿಂದೆ ನಕ್ಕಂತಿತ್ತು. ಮಾರನೇ ದಿನ ಹತ್ತೂ ಮುಕ್ಕಾಲಿಗೆ ಡ್ಯಾಮೇಜಕ್ಕ ಗ್ಯಾರೇಜಿನ ಗದ್ದಲದ ನಡುವೆ ಒಂದು ಕಿವಿ ಮುಚ್ಚಿಕೊಂಡು, "ಬರ್ತೀನಿ ಮೇಡಂ, ನನ್ನ ಗಂಡ ನೋಡ್ಕೋತಾರೆ" ಅಂತ ಕೂಗಿದಳು.

ಮೊದಲ ಕ್ಲಾಸಿನ ಸಂಜೆ ಅವಳು ಹೊರಟಾಗ ಗಂಡ ಈರುಳ್ಳಿಯೊಂದಿಗೆ ಯುದ್ಧಕ್ಕಿಳಿದಿದ್ದ. ಕಣ್ಣಲ್ಲಿ ಧಾರಾಕಾರ ನೀರು. ಚಾಕು ಮೊಂಡು ಅಂತ ತಕರಾರು ಬೇರೆ. "ಕುಣಿಯಲಾರದವನಿಗೆ ನೆಲ ಡೊಂಕು" ಅಂದರು ಅತ್ತೆ. ಕೈ ಕುಯ್ದುಕೊಂಡಾನೋ ಏನೋ ಅಂತ ಅವಳಿಗೆ ಅಳುಕಾಗಿ, ಚಪ್ಪಲಿ ಮೆಟ್ಟಿದವಳು ಬಾಗಿಲಲ್ಲೇ ನಿಂತಳು.

"ಇನ್ನೂ ಯಾಕೆ ನಿಂತಿದೀಯೇ? ಹೊರಡು" ಅಂದರು ಅತ್ತೆ. "ಇವನನ್ನ ನಾನು ಕೂತ್ಕೊಂಡೇ ನೋಡ್ಕೋತೀನಿ."