ವೈಟ್‌ಫೀಲ್ಡ್‌ನಲ್ಲಿ ಹಿಮಪಾತ

ನಮ್ಮ ವಂಶದವನೊಬ್ಬ ಬಿ.ಎ. ಪಾಸಾಗುವುದು ಆಗದ ಹೋಗದ ಮಾತು ಎಂದು ಹೇಳಿದವರು ನನ್ನ ಚಿಕ್ಕಪ್ಪ ಮುನಿಶಾಮಪ್ಪ. ಪತ್ತೇದಾರ ವಜ್ರಕಾಂತ ತಪ್ಪು ಮಾಡುವುದು ಆಗದ ಹೋಗದ ಮಾತು ಎಂದು ಹೇಳಿದವರೂ ಅವರೇ. ಎರಡನ್ನೂ ಹೆಬ್ಬಗೋಡಿಯ ನಮ್ಮ ಮನೆಯ ಜಗಲಿಯ ಮೇಲೆ, ಒಂದೇ ಬೀಡಿ ಸೇದಿ ಮುಗಿಸುವುದರೊಳಗೆ ಹೇಳಿದ್ದರು. ನಾನಾಗ ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಹಗಲೆಲ್ಲ ಕಬ್ಬಿಣ ಉಜ್ಜುತ್ತಿದ್ದೆ. ಬೆಂಗಳೂರಿನ ಸಂಜೆ ಕಾಲೇಜಿಗೆ ಆಗಷ್ಟೇ ಸೇರಿದ್ದೆ. ಈ ಎರಡು ಮಾತುಗಳು ಮುಂದೆ ಒಂದಕ್ಕೊಂದು ಗಂಟು ಬೀಳುತ್ತವೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ವಜ್ರಕಾಂತನನ್ನು ನೀವು ಓದಿರಲಾರಿರಿ. ಓದಿದ್ದರೂ ಒಪ್ಪಿಕೊಳ್ಳಲಾರಿರಿ. ತಿಂಗಳಿಗೊಂದರಂತೆ ಬರುತ್ತಿದ್ದ ತೆಳ್ಳನೆಯ ಪುಸ್ತಕ. ರಟ್ಟಿನ ಮೇಲೆ ಒಂದು ಪಿಸ್ತೂಲು, ಒಬ್ಬ ಹೆಂಗಸು, ಇಬ್ಬರಿಗೂ ಸಂಬಂಧವಿಲ್ಲದ ಒಂದು ಗೂಬೆ. ನಮ್ಮ ಮನೆಗೆ ಮೊದಲು ಬಂದ ಪುಸ್ತಕ ಪಂಚಾಂಗ. ಅದರ ಬೆನ್ನಿಗೇ ಬಂದವನು ವಜ್ರಕಾಂತ. ಚಿಕ್ಕಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮುದ್ದೆ ಉಂಡ ಮೇಲೆ ನಾನು ಜೋರಾಗಿ ಓದಬೇಕು, ಅವರು ಕಂಬಕ್ಕೆ ಒರಗಿ ಕೇಳಬೇಕು. ಅಕ್ಷರಗಳನ್ನು ನಾನು ಶಾಲೆಯಲ್ಲಿ ಕಲಿತಿರಬಹುದು. ಓದುವುದನ್ನು ಕಲಿತದ್ದು ಆ ಜಗಲಿಯಲ್ಲೇ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಪುಟ ತಿರುವುವ ಮುಂಚೆ ಕೆಮ್ಮಬೇಕು ಎಂಬುದನ್ನು ಯಾವ ಮೇಷ್ಟರೂ ನನಗೆ ಹೇಳಿಕೊಟ್ಟಿಲ್ಲ.

ಚಿಕ್ಕಪ್ಪನಿಗೆ ಇದು ಬರೀ ಕಥೆಯಾಗಿರಲಿಲ್ಲ, ಕಸುಬಿಗೆ ಸಂಬಂಧಪಟ್ಟ ವಿಷಯ. ನಾನಿದ್ದ ಕಾರ್ಖಾನೆಯ ಗೇಟಿನಲ್ಲಿ ಅವರು ಕಾವಲುಗಾರರು. ವಜ್ರಕಾಂತನ ಪ್ರಭಾವದಿಂದ ಅವರು ಕೆಲಸಗಾರರ ಊಟದ ಡಬ್ಬಿಯನ್ನು ತೆರೆದು ನೋಡುತ್ತಿರಲಿಲ್ಲ, ಮೂಸಿ ನೋಡಿ, ಕಣ್ಣು ಕಿರಿದು ಮಾಡಿ, “ನಿನ್ ಎಂಡ್ರು ತವರಿಗೋಗವ್ಳೆ, ಅಲ್ವೇನ್ಲಾ?” ಎನ್ನುತ್ತಿದ್ದರು. ಹೌದೆಂದರೆ ಒಳಗೆ ಬಿಡುತ್ತಿದ್ದರು. ಇಲ್ಲವೆಂದರೆ ಅನುಮಾನದಿಂದ ಬಿಡುತ್ತಿದ್ದರು.

ನಾನು ಕಾಲೇಜಿಗೆ ಸೇರಿದ್ದಕ್ಕೆ ಅವರ ತಕರಾರು ಅಲ್ಲೇ ಇತ್ತು. “ನೀನು ಓದಾಕೋದ್ರೆ ಇಲ್ಲಿ ಓದೋರ್ಯಾರು?” ಎಂದು ಕೇಳಿದರು. ನನಗೆ ಬಂದ ಮೊದಲ ತರ್ಕಶಾಸ್ತ್ರದ ಪ್ರಶ್ನೆ ಅದು.

ಅವ್ವನ ಕಡೆಯಿಂದ ಬಂದದ್ದು ಬೇರೆ ತೊಂದರೆ. ಬಿ.ಎ. ಮುಗಿಸಿದರೆ ಪದವೀಧರ ಆಗುತ್ತೇನೆ ಎಂದು ಆಕೆಗೆ ಹೇಳಿದ್ದೆ. ವರ್ಷಗಟ್ಟಲೆ ಜಗಲಿಯ ಓದು ಕಿವಿಗೆ ಬಿದ್ದಿದ್ದ ಆಕೆ ಊರಿಗೆಲ್ಲ “ನನ್ ಮಗ ಪತ್ತೇದಾರ ಆಯ್ತಾವ್ನೆ” ಎಂದು ಹೇಳಿಕೊಂಡು ಬಂದಳು. ಹಿಟ್ಟಿನ ಗಿರಣಿಯವರು ಕಳೆದುಹೋದ ಹುಂಜದ ಬಣ್ಣ ಹೇಳಿ ಹೋದರು. ಒಬ್ಬಾಕೆ ಓಡಿಹೋದ ಅಳಿಯನ ಫೋಟೋ ತಂದಳು. ಇನ್ನೂ ಮೊದಲನೇ ವರ್ಷ ಎಂದರೆ, “ಇರ್ಲಿ ಬುಡಪ್ಪ, ಕಲ್ತ ಮ್ಯಾಲೆ ಇಡಿಯುವಂತೆ” ಎಂದು ಸಮಾಧಾನ ಮಾಡಿ ಹೋದಳು.

ಆದರೆ ವಜ್ರಕಾಂತ ಅಷ್ಟರಲ್ಲಿ ದಣಿದಿದ್ದ. ಅವನಲ್ಲ, ಅವನನ್ನು ಬರೆಯುವವರು ದಣಿದಿದ್ದರು. ಮೊದಮೊದಲ ಪುಸ್ತಕಗಳಲ್ಲಿ ಅವನು ಚಪ್ಪಲಿಗೆ ಮೆತ್ತಿದ ಮಣ್ಣು ನೋಡಿ ಕೊಲೆಗಾರನ ಊರು ಹೇಳುತ್ತಿದ್ದ. ಆಮೇಲಾಮೇಲೆ ಮಣ್ಣಿನ ತಂಟೆಗೇ ಹೋಗದೆ, ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಗಹಗಹಿಸಿ ನಕ್ಕು, “ಇವನ ಕಣ್ಣಿನಲ್ಲಿ ಕಪಟವನ್ನು ಕಂಡೆ” ಎಂದುಬಿಡುತ್ತಿದ್ದ. ಒಂದು ಪುಸ್ತಕದಲ್ಲಿ ಗುಂಡೇಟಿಗೆ ಸತ್ತ ಸಹಾಯಕ ಮುಂದಿನದರಲ್ಲಿ ಕಾಫಿ ತಂದುಕೊಟ್ಟ. ಇನ್ನೊಂದರಲ್ಲಿ ವಜ್ರಕಾಂತ ಹಾಕಿದ ವೇಷ ಎಷ್ಟು ಚೆನ್ನಾಗಿತ್ತೆಂದರೆ, ಎರಡು ಅಧ್ಯಾಯ ಅವನು ತನ್ನನ್ನೇ ಹಿಂಬಾಲಿಸಿದ. ನಾನು ಓದುವುದನ್ನು ನಿಲ್ಲಿಸಿ ಚಿಕ್ಕಪ್ಪನ ಮುಖ ನೋಡಿದೆ. “ಉಷಾರಾಗವ್ನೆ. ಯಾರ್ನೂ ನಂಬಕಿಲ್ಲ” ಎಂದರು.

ಸತ್ಯವಾಗಿ ಹೇಳುತ್ತೇನೆ, ಪ್ರೀತಿಸಿದವರು ದಡ್ಡರಾಗುವುದನ್ನು ಕಣ್ಣಾರೆ ನೋಡುವುದು ಕಷ್ಟ. ಅದಕ್ಕಿಂತ ಕಷ್ಟವೆಂದರೆ ಆ ದಡ್ಡತನ ನಮಗೂ ಅಂಟಿರುವುದು. ಕೊನೆಯ ವರ್ಷದ ಪರೀಕ್ಷೆಯಲ್ಲಿ ನನಗೆ ಎಲ್ಲ ವಿಷಯವೂ ದಕ್ಕಿತು, ತರ್ಕಶಾಸ್ತ್ರ ಮಾತ್ರ ಹೋಯಿತು. ಯಾಕೆ ಹೋಯಿತೆಂದು ಕೇಳಲು ಹೋದೆ. ನಮ್ಮ ಲೆಕ್ಚರರು ನಾನು ವರ್ಷವಿಡೀ ಬರೆದಿದ್ದ ಟೆಸ್ಟುಗಳನ್ನು ನೆನೆದು ನಿಟ್ಟುಸಿರುಬಿಟ್ಟರು. “ನೀನು ತೀರ್ಮಾನ ಮೊದಲು ಬರೀತೀಯ, ಕಾರಣ ಬರೆಯೋದೇ ಇಲ್ಲ. ಯಾರಯ್ಯ ನಿನಗೆ ಹೀಗೆ ಹೇಳಿಕೊಟ್ಟೋರು?” ಎಂದರು. ನಾನು ವಜ್ರಕಾಂತನ ಹೆಸರು ಹೇಳಲಿಲ್ಲ. ಮನೆಯ ಮಾತು ಮನೆಯಲ್ಲಿರಲಿ ಎಂದುಕೊಂಡೆ.

ಅಪ್ಪ ಹೆಚ್ಚು ಮಾತಾಡುವವರಲ್ಲ. “ಸೆಪ್ಟೆಂಬರ್‌ನಾಗೆ ಇನ್ನೊಂದ್ ಸಲ ಕಟ್ಟು. ಅದೂ ಓಯ್ತು ಅಂದ್ರೆ ಕಾಲೇಜಿನ ಆಸೆ ಬುಟ್ಟು ಎರಡು ಪಾಳಿ ಕೆಲಸಕ್ಕೋಗು” ಎಂದರು. ಚಿಕ್ಕಪ್ಪ ವಜ್ರಕಾಂತನ ಹಾಗೆ ಗಹಗಹಿಸಿ ನಕ್ಕರು.

ಆ ತಿಂಗಳೇ ಬಂತು ವೈಟ್‌ಫೀಲ್ಡ್ ಕೊಲೆಯ ಪುಸ್ತಕ. ನಮ್ಮ ಸೀಮೆಗೆ ವಜ್ರಕಾಂತ ಮೊದಲ ಸಲ ಬಂದಿದ್ದ. ಚಿಕ್ಕಪ್ಪ ಆವತ್ತು ತಲೆಗೆ ಎಣ್ಣೆ ಹಚ್ಚಿ, ನೆಂಟರು ಬರುವ ದಿನದ ಹಾಗೆ ಶುಭ್ರವಾಗಿ ಕೂತಿದ್ದರು. ನಾನು ಓದತೊಡಗಿದೆ: ವಜ್ರಕಾಂತ ಉಣ್ಣೆಯ ಕೋಟಿನ ಗುಂಡಿ ಹಾಕಿಕೊಂಡು ರೈಲಿನಿಂದ ಇಳಿದ. ಎಲ್ಲೆಲ್ಲೂ ಹಿಮ. ಮರಗಳ ಮೇಲೆ ಹಿಮ, ಚರ್ಚಿನ ಮೇಲೆ ಹಿಮ, ಮೊಣಕಾಲುದ್ದ ಹಿಮ. ಕೊಲೆಗಾರನ ಹೆಜ್ಜೆಗಳು ಹಿಮದಲ್ಲಿ ಬಂಗಲೆಯಿಂದ ಹೆಪ್ಪುಗಟ್ಟಿದ ಕೆರೆಯವರೆಗೆ ಸ್ಪಷ್ಟವಾಗಿ ಮೂಡಿದ್ದವು. ಕೇಸು ನಿಂತದ್ದೇ ಆ ಹೆಜ್ಜೆಗಳ ಮೇಲೆ.

ಪಾಪ, ಬರೆದವರು ವೈಟ್‌ಫೀಲ್ಡ್ ನೋಡಿರಲಿಲ್ಲ. ಹೆಸರನ್ನು ಮಾತ್ರ ನೋಡಿದ್ದರು. ಬಿಳಿ ಬಯಲು ಎಂದ ಮೇಲೆ ಇನ್ನೇನು ಇರಲು ಸಾಧ್ಯ ಎಂದು ಹಿಮ ಸುರಿಸಿಬಿಟ್ಟಿದ್ದರು.

“ಚಿಕ್ಕಪ್ಪ, ನಾನು ವೈಟ್‌ಫೀಲ್ಡ್‌ಗೆ ಹೋಗಿದೀನಿ. ಅಲ್ಲಿ ಹಿಮ ಇಲ್ಲ.”

“ಯಾವೊತ್ನಾಗೆ ಓಗಿದ್ದೆ?”

“ಮಧ್ಯಾಹ್ನ.”

“ಅದ್ಕೇ. ಕರಗಿರ್ತದೆ.”

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಇವನ ಮಾತಿಗೆ ದನಿ ಕೊಟ್ಟೆನಲ್ಲ, ಇವನಿಂದಾಗಿ ಪರೀಕ್ಷೆಯನ್ನೂ ಕಳೆದುಕೊಂಡೆನಲ್ಲ ಎಂದು ಪುಸ್ತಕ ಮುಚ್ಚಿಟ್ಟೆ; ಇನ್ನು ಮುಂದೆ ಓದುವುದಿಲ್ಲ ಎಂದೆ. ಚಿಕ್ಕಪ್ಪ ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು. “ನಡಿ, ನೋಡೇಬುಡಾನ” ಎಂದರು.

ಆವತ್ತು ಹೊತ್ತಾಗಿದ್ದರಿಂದ ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡ್‌ನಲ್ಲಿ ಇಳಿದೆವು. ಕರಗುವ ಮುಂಚೆಯೇ ಹಿಡಿಯಬೇಕೆಂದು ಚಿಕ್ಕಪ್ಪ ಮೊದಲ ಬಸ್ಸಿಗೇ ಹೊರಡಿಸಿದ್ದರು. ಕಂಬಳಿಯನ್ನೂ ತಂದಿದ್ದರು. ಹೆಂಚಿನ ಮನೆಗಳು, ಕಾಗದದ ಹೂವಿನ ಬೇಲಿ, ಬಿಸಿಲು. ಒಂದು ಗೇಟಿನ ಬಳಿ ಟೊಪ್ಪಿ ಹಾಕಿಕೊಂಡ ಆಂಗ್ಲೋ-ಇಂಡಿಯನ್ ಮುದುಕರೊಬ್ಬರು ಗಿಡಕ್ಕೆ ನೀರು ಬಿಡುತ್ತಿದ್ದರು. ಚಿಕ್ಕಪ್ಪ ಕೈಮುಗಿದು, “ಸ್ವಾಮಿ, ಇಲ್ಲಿ ಇಮ ಎಲ್ಲಿ ಬೀಳ್ತದೆ?” ಎಂದರು. ಮುದುಕರಿಗೆ ತಿಳಿಯಲಿಲ್ಲ. ನಾನು ನಾಚಿಕೆಯಿಂದ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ, ಹಿಮಕ್ಕೆ ಸರಿಯಾದ ಮಾತು ನಾಲಿಗೆಗೆ ಬಾರದೆ ಐಸ್ ಎಂದುಬಿಟ್ಟೆ.

“ಐಸ್ ಬೇಕಾ ಮ್ಯಾನ್? ಸ್ಟೇಷನ್ ಪಕ್ಕ ಸೋಡಾ ಶಾಪ್ ಹೋಗು. ತುಂಬಾ ಐಸ್ ಇದೆ ಅಲ್ಲಿ.”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ವಜ್ರಕಾಂತನ ಹಜಾರದ ನಗು. “ಕೇಳುಸ್ತಾ? ತುಂಬಾ ಐತಂತೆ.”

ಇಬ್ಬರೂ ಸೋಡಾ ಅಂಗಡಿಗೆ ಹೋದೆವು. ಹೊಟ್ಟಿನಲ್ಲಿ ಹುದುಗಿಸಿಟ್ಟ ಮಂಜುಗಡ್ಡೆಯನ್ನು ಚಿಕ್ಕಪ್ಪ ಮುಟ್ಟಿ ನೋಡಿದರು. ನೆಲದ ಮೇಲೆ ಕರಗಿದ ನೀರಿನಲ್ಲಿ ಅಂಗಡಿಯವನ ಹೆಜ್ಜೆ ಮೂಡಿತ್ತು. ಅದನ್ನೂ ತೋರಿಸಿದರು. ನಾನು ಸೋಡಾ ಕುಡಿದು ದುಡ್ಡು ಕೊಟ್ಟೆ. ವಾದದಲ್ಲಿ ಗೆಲ್ಲಲು ಸತ್ಯ ನಮ್ಮ ಕಡೆ ಇದ್ದರಷ್ಟೇ ಸಾಲದು ಎಂದು ಆವತ್ತು ತಿಳಿಯಿತು.

ಸೆಪ್ಟೆಂಬರ್ ಬಂತು. ಪ್ರಶ್ನೆಪತ್ರಿಕೆ ಬಿಡಿಸಿದೆ. ದೋಷಯುಕ್ತ ತರ್ಕಕ್ಕೆ ನಿಮ್ಮದೇ ಉದಾಹರಣೆ ಕೊಟ್ಟು, ದೋಷ ಎಲ್ಲಿದೆ ವಿವರಿಸಿ ಎಂದಿತ್ತು. ಬರೆದೆ: ಹಿಮ ಬಿಳಿ. ವೈಟ್‌ಫೀಲ್ಡ್ ಕೂಡ ಬಿಳಿ. ಆದ್ದರಿಂದ ವೈಟ್‌ಫೀಲ್ಡ್‌ನಲ್ಲಿ ಹಿಮ. ಆಮೇಲೆ ವರ್ಷಗಳಿಂದ ನುಂಗಿಕೊಂಡಿದ್ದ ಬೇಸರವನ್ನೆಲ್ಲ ಪುಟಗಟ್ಟಲೆ ಹೊರಹಾಕಿದೆ. ಕಾಫಿ ತಂದ ಹೆಣ, ತನ್ನನ್ನೇ ಹಿಂಬಾಲಿಸಿದ ಪತ್ತೇದಾರ, ಮಧ್ಯಾಹ್ನ ಕರಗಿದ ಹಿಮ, ಸೋಡಾ ಅಂಗಡಿ, ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ದೋಷದ ಹೆಸರು ಹಾಕಿದೆ. ನನ್ನ ಜೀವಮಾನದಲ್ಲಿ ಕಾರಣಗಳನ್ನು ಅಷ್ಟು ಸಾಲಾಗಿ ಬರೆದದ್ದು ಅದೇ ಮೊದಲು.

ಪಾಸಾದೆ. ಒಳ್ಳೆಯ ಪುಸ್ತಕಗಳಿಂದ ಪಾಸಾದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಕೆಟ್ಟ ಪುಸ್ತಕವೊಂದರ ಋಣದಲ್ಲಿ ಪದವೀಧರನಾದವನು ನಾನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಆ ಪುಸ್ತಕವನ್ನು ನನ್ನಷ್ಟು ಗಮನವಿಟ್ಟು ಓದಿದವರು, ಬರೆದವರನ್ನೂ ಸೇರಿಸಿ, ಇನ್ನೊಬ್ಬರಿರಲಾರರು.

ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಕೈ ಒರೆಸಿಕೊಂಡು ತೆಗೆದುಕೊಂಡರು, ಬಹಳ ಹೊತ್ತು ನೋಡಿದರು, ಅವ್ವನ ಕೈಗಿಟ್ಟರು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, ಗಿರಣಿಯವರಿಗೆ ಹೇಳಿಕಳಿಸಬೇಕು, ಆ ಹುಂಜದ ವಿಷಯ ಇನ್ನೂ ಬಾಕಿ ಇದೆ ಎಂದಳು. ಕೊನೆಗೆ ಅದು ಜಗಲಿಯ ಕಂಬದ ಬಳಿಗೆ ಹೋಯಿತು. ಚಿಕ್ಕಪ್ಪ ಬೀಡಿ ಆರಿಸಿ, ಎರಡೂ ಕೈಯಲ್ಲಿ ಹಿಡಿದು, ಮೊಹರನ್ನು ಬೆರಳಿನಿಂದ ಸವರಿದರು. ಆಗದ ಹೋಗದ ಮಾತು ಆಗಿಹೋಗಿತ್ತು. ಈಗಲಾದರೂ ಸೋಲೊಪ್ಪಿಕೊಳ್ಳುತ್ತಾರೆಂದು ನಾನು ಕಾದು ನಿಂತೆ.

ಅವರು ಪಕ್ಕದ ಗೂಡಿನಿಂದ ಆ ತಿಂಗಳ ವಜ್ರಕಾಂತನನ್ನು ತೆಗೆದು ನನ್ನ ಕೈಗಿಟ್ಟರು. ಅಂಟಿಕೊಂಡಿದ್ದ ಪುಟಗಳ ಅಂಚನ್ನು ಇನ್ನೂ ಯಾರೂ ಬಿಡಿಸಿರಲಿಲ್ಲ.

“ಕೂತ್ಕೊಂಡ್ ಓದು” ಎಂದರು. “ನೀನೇ ಪಾಸಾದ ಮ್ಯಾಲೆ, ವೈಟ್‌ಫೀಲ್ಡ್‌ನಾಗೆ ಇಮ ಬೀಳಕ್ಕೆ ಏನ್ಲಾ ದಾಡಿ?”