ತಾರೀಖು ತಪ್ಪಿದ ಚಿತ್ರಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸೀಳಿನ ಎರಡೂ ಬದಿಗೆ ಬೆಸುಗೆಯ ಕಾವು ಬಿಟ್ಟ ಕಪ್ಪು ಕಲೆ. ದಾಂಡೇಲಿಯ ಅಂಬೇವಾಡಿಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಅವರು ಊರಿಗೆಲ್ಲ ಚಾಚಾ, ನನಗೂ.

ದಾಖಲೆ ಕಚೇರಿಯಿಂದ ನಿವೃತ್ತನಾದ ನಂತರ ನಾನು ಅತ್ತಿವೇರಿ ಪಕ್ಷಿಧಾಮದ ಎಲೆಮರೆಯ ಗೂಡೊಂದರಲ್ಲಿ ಹಕ್ಕಿ ಮರಿಗಳಿಗೆ ಗುಟುಕು ಕೊಡುವುದನ್ನು ದಾಖಲಿಸಲು ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ವೆಬ್‌ಕ್ಯಾಮೆರಾ ಜೋಡಿಸಿದ್ದೆ. ವಿಡಿಯೊ ಕುಂಟುತ್ತಿತ್ತು. ಒಂದು ಚಿತ್ರದಲ್ಲಿ ಹಕ್ಕಿ ಇಲ್ಲ, ಮುಂದಿನದರಲ್ಲಿ ಆಗಲೇ ಹಾರುತ್ತಿದೆ. ಗುಟುಕಿನ ಕ್ಷಣವೇ ಇಲ್ಲ. ಬೋರ್ಡನ್ನೇ ಬದಲಿಸಬೇಕೆಂದು ಚಾಚಾರ ಬಳಿ ಒಯ್ದೆ.

"ಮಾಲು ಬದಲಿ ಮಾಡೂಕಿಂತ ಮದಲ ಅದರ ಮಾತು ಕೇಳ್ರಿ ಸರ," ಎಂದರು.

ನಾಲ್ಕು ಮುಂಜಾನೆ ಆ ಮಬ್ಬು ಅಂಗಡಿಯಲ್ಲಿ ಕ್ಯಾಮೆರಾದ ಮುಂದೆ ತಾವೇ ಕುಳಿತರು. ವೈರು ಬದಲಿಸಿದರು, ಚಾರ್ಜರು ಬದಲಿಸಿದರು. ಪ್ರತಿ ಸಲವೂ ತಲೆಯಾಡಿಸಿ, ನಕ್ಕು, ವಿಡಿಯೊ ತೆಗೆದು ನೋಡಿದರು. ಕೊನೆಗೆ ಮೇಜಿನ ದೀಪವನ್ನು ಮುಖದತ್ತ ತಿರುಗಿಸಿದಾಗ ಚಿತ್ರ ಸರಾಗವಾಯಿತು.

"ಬೋರ್ಡಿಗೆ ಏನೂ ಆಗಿಲ್ರೀ. ಕತ್ತಲ್ಯಾಗ ಕ್ಯಾಮೆರಾ ಬೆಳಕು ತುಂಬ್ಕೊಳ್ಳಾಕ ನಿಂತ್ಕೋತೈತಿ, ಅದಕ್ಕ ತಡಾ. ನಿಲ್ಲಬ್ಯಾಡ ಅಂತ ಹೇಳೂಣು." ಕ್ಯಾಮೆರಾ ಬೆಳಕು ಹಿಡಿಯುವ ಅವಧಿಗೆ ಮಿತಿ ಹಾಕಿದರು. ಚಿತ್ರ ತುಸು ಮಬ್ಬಾಯಿತು, ಆದರೆ ಕುಂಟಲಿಲ್ಲ.

ನನ್ನ ಕಣ್ಣು ಬೇರೆಡೆ ಇತ್ತು. ಆ ಬೋರ್ಡಿನೊಳಗೆ ಗಡಿಯಾರವಿಲ್ಲ. ಆರಿಸಿ ಹಚ್ಚಿದಾಗಲೆಲ್ಲ ಹಳೆಯ ತಾರೀಖನ್ನೇ ತೋರಿಸುತ್ತದೆ. ಚಾಚಾರ ವಿಡಿಯೊಗಳೆಲ್ಲ ತಪ್ಪು ತಾರೀಖು ಹೊತ್ತಿದ್ದವು. ತಾರೀಖು ತಪ್ಪಿದ ದಾಖಲೆ ದಾಖಲೆಯೇ ಅಲ್ಲ ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಅಲ್ಲೇ ಕುಳಿತು ಎಲ್ಲವನ್ನೂ ಅಳಿಸಿದೆ.

"ತಾರೀಖು ತಪ್ಪಿದ್ರ ಅದರಾಗ ಇರಾಂವ ನಾ ಅಲ್ಲೇನ್ರೀ?" ಎಂದು ಅವರು ನಕ್ಕರು.

ತಾರೀಖು ಸರಿಪಡಿಸಿ ಕೊನೆಯ ಪರೀಕ್ಷೆ ಮಾಡಿದೆವು. "ಮಾರಿ ಸಾಕು, ಈಗ ಕೈ ನೋಡ್ರಿ," ಎಂದು ಮುಖವನ್ನು ಆಚೆ ಸರಿಸಿ, ಕ್ಯಾಮೆರಾದೆದುರು ಮುಷ್ಟಿಯನ್ನಷ್ಟೇ ಬಿಚ್ಚಿ, ಮುಚ್ಚಿ ತೋರಿಸಿದರು.

ಮರಿಗಳು ಗೂಡು ಬಿಡುವ ಮೊದಲೇ ಚಾಚಾ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಂಡತಿ ನನ್ನಲ್ಲಿ ಕೇಳಿದ್ದು ಒಂದನ್ನೇ: "ಫೋಟೋ ಅಂದ್ರ ಓಡಿ ಹೋಗ್ತಿದ್ರು ಅವರು. ಸರ್ ಕ್ಯಾಮೆರಾದ ಮುಂದ ನಕ್ಕು ಬಂದೇನಿ ಅಂತ ಮನ್ಯಾಗ ಹೇಳಿದ್ರು. ಒಮ್ಮೆ ತೋರಸ್ರಿ ಅಣ್ಣಾರ."

ಮೆಮೊರಿ ಕಾರ್ಡಿನಲ್ಲಿ ಅಳಿಸಿದ ಜಾಗದ ಮೇಲೆ ಹಕ್ಕಿಯ ವಿಡಿಯೊ ಗಂಟೆಗಟ್ಟಲೆ ತುಂಬಿಕೊಂಡಿತ್ತು. ಏನನ್ನೂ ಮರಳಿ ಪಡೆಯಲಾಗಲಿಲ್ಲ. ಉಳಿದದ್ದನ್ನು ತೋರಿಸಿದೆ. ಕೈ ಬಿಚ್ಚಿತು, ಮುಚ್ಚಿತು. ಒಂದು ಕ್ಷಣವೂ ತಪ್ಪಿರಲಿಲ್ಲ. ಆಕೆ ಪರದೆಯ ಮೇಲಿನ ಸೀಳು ಉಗುರನ್ನು ಬೆರಳಿನಿಂದ ಸವರಿದರು.

"ಮಾರಿ?" ಎಂದರು.

ಚಿತ್ರದ ಮೂಲೆಯಲ್ಲಿ ತಾರೀಖಿದೆ. ನನ್ನ ದಿನಚರಿಯೊಡನೆ ತಾಳೆ ನೋಡಿದ್ದೇನೆ, ಸರಿಯಾಗಿದೆ.