ಚೆಕ್ಕು ಜೇಬಿನಲ್ಲಿ, ಕಾಫಿ ಕಣದಲ್ಲಿ

“ವಸ್ತುಗಳ ಮೇಲಿನ ಮೋಹ ಬಿಡಬೇಕು ಮಕ್ಕಳೇ” ಎಂದು ನಾನು ಮೈಕಿನಲ್ಲಿ ಹೇಳುತ್ತಿದ್ದಂತೆಯೇ ಹೊರಗೆ ಗುಡುಗಿತು. ಕಳೆದ ವರ್ಷ ಮೂಡಿಗೆರೆಯ ಕಾಲೇಜೊಂದರಲ್ಲಿ ನನ್ನ ತಾಯಿಯ ಹೆಸರಿನ ವಿದ್ಯಾರ್ಥಿವೇತನ ಕೊಡುವ ಸಮಾರಂಭ. ನನ್ನ ಹೆಗಲ ಮೇಲೆ ಸನ್ಮಾನದ ಶಾಲು. ಮನೆಯ ಕಣದಲ್ಲಿ ಒಣಗಲು ಹರವಿದ್ದ ಕಾಫಿ. ಸಭೆ ತುಂಬಿ ಕಾಣಲೆಂದು ತೋಟದ ಕೆಲಸದವರನ್ನೆಲ್ಲ ಸಭಾಂಗಣದಲ್ಲೇ ಕೂರಿಸಿದ್ದೆ. ಅವರನ್ನೂ ಮರೆತು, ಮಾತನ್ನು ಅರ್ಧಕ್ಕೇ ಬಿಟ್ಟು ಓಡಿಹೋಗಿ ಜೀಪು ಹತ್ತಿದೆ.

ಕಣದಲ್ಲಿ ಒಬ್ಬನೇ ಟಾರ್ಪಾಲಿನ ಜೊತೆ ಗುದ್ದಾಡುತ್ತಿದ್ದಾಗ ಸ್ಕೂಟರೊಂದು ಬಂದು ನಿಂತಿತು. ಇಳಿದವಳು ಅಂದು ವಿದ್ಯಾರ್ಥಿವೇತನ ಪಡೆಯಬೇಕಿದ್ದ ಎಂ.ಎಸ್ಸಿ. ಹುಡುಗಿ. ಅವಳ ಚೆಕ್ಕು ನನ್ನ ಜೇಬಿನಲ್ಲೇ ಉಳಿದಿತ್ತು! ನಾಚಿಕೊಂಡು ಜೇಬಿಗೆ ಕೈ ಹಾಕಿದೆ.

“ಅದಿರ್ಲಿ ಸರ್, ಮೊದ್ಲು ಆ ತುದಿ ಎಳೀರಿ. ಇದು ನೆಂದ್ರೆ ಮುಂದಿನ ವರ್ಷ ನನ್ನ ಜೂನಿಯರ್‌ಗೆ ಏನ್ ಕೊಡ್ತೀರಿ?”

ಟಾರ್ಪಾಲು ಒಂದು ಮೂಲೆಗೆ ಸಾಲಲಿಲ್ಲ. ಅವಳು ನನ್ನ ಹೆಗಲನ್ನೇ ನೋಡಿದಳು. ಶಾಲು ತೆಗೆದು ಅಲ್ಲಿಗೆ ಹೊದಿಸಿದೆ.

ಕಾಫಿ ಉಳಿಯಿತು. ಕಲೆಯಾದ ಆ ಶಾಲನ್ನು ಎದುರಿಗಿಟ್ಟುಕೊಂಡೇ ಈ ವರ್ಷದ ಭಾಷಣ ಬರೆಯಲು ಕೂತಿದ್ದೇನೆ. ಭಾಷಣ ಇನ್ನೂ ಎರಡು ಸಾಲು ದಾಟಿಲ್ಲ.